ಹೂ ಬಿಟ್ಟ ಗಿಡದ ಎಲೆ ಕೀಳಬಹುದೇ?

ನಮ್ಮ ಹಿತ್ತಲಿನಲ್ಲಿ ಒಂದು ಬಾಳೆ ಗೊನೆ ಹಾಕಿ ಹದಿನೈದು ದಿನವಾಗಿತ್ತು. ಅಷ್ಟರಲ್ಲಿ ಮನೆಯಲ್ಲೊಂದು ಸಮಾರಂಭ ಬಂತು. ಪೇಟೆಯಿಂದ ತಂದ ಎಲೆ ಸಾಲಲಿಲ್ಲ. ಕತ್ತಿ ಹಿಡಿದು ಹೊರಟವನು ನಾನೇ. ಗೊನೆ ಹೊತ್ತ ಬಾಳೆಯಿಂದ ಏಳೆಂಟು ಎಲೆ ಕೊಯ್ದು, ತುದಿಯಲ್ಲಿ ಎರಡನ್ನು ಮಾತ್ರ ಬಿಟ್ಟೆ. ಊಟವೇನೋ ಚೆನ್ನಾಗಿಯೇ ಆಯಿತು. ಆದರೆ ಮೂರು ತಿಂಗಳು ಕಳೆದರೂ ಆ ಗೊನೆಯ ಕಾಯಿಗಳು ತುಂಬಿಕೊಳ್ಳಲಿಲ್ಲ. ಏಣುಗಳು ಎದ್ದು ಕಾಣುತ್ತಿದ್ದ, ಬೆರಳು ಗಾತ್ರದ ಕಾಯಿಗಳು ಹಾಗೆಯೇ ಹಳದಿಗೆ ತಿರುಗಿದವು. ಪಕ್ಕದ ಗುಂಡಿಯಲ್ಲಿದ್ದ ಅದೇ ತಳಿಯ ಇನ್ನೊಂದು ಬಾಳೆ ತುಂಬು ಗೊನೆ ಕೊಟ್ಟಿತು.

ಅದೇ ವರ್ಷ ಟೊಮೇಟೊ ಗಿಡಗಳ ಕೆಳಗಿನ ಎಲೆಗಳನ್ನೂ ಕಿತ್ತಿದ್ದೆ. ಗಿಡಗಳಲ್ಲಿ ಹೂವೂ ಇತ್ತು, ಕಾಯಿಯೂ ಇತ್ತು. ಇಳುವರಿ ಕಡಿಮೆಯಾದಂತೆ ಕಾಣಲಿಲ್ಲ. ಮಣ್ಣಿಗೆ ತಾಗುತ್ತಿದ್ದ ಎಲೆಗಳಿಂದ ಮೇಲೇರುತ್ತಿದ್ದ ಚುಕ್ಕೆರೋಗ ಮಾತ್ರ ಕಡಿಮೆಯಾಯಿತು. ಮಾಡಿದ ಕೆಲಸ ಒಂದೇ. ಒಂದು ಗಿಡ ಸೋತಿತು, ಇನ್ನೊಂದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹೀಗೇಕೆ?

ಹೂ ಬಿಟ್ಟ ಗಿಡದ ಎಲೆ ತೆಗೆದರೆ ಗಿಡದ ಶಕ್ತಿಯೆಲ್ಲ ಹೂವು ಕಾಯಿಗೆ ಹೋಗುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಎಲೆ ತೆಗೆದರೆ ಗಿಡ ಸಾಯುತ್ತದೆ ಎನ್ನುವವರೂ ಇದ್ದಾರೆ. ಯಾವ ಗಿಡ, ಯಾವ ಎಲೆ, ಯಾವಾಗ ಎಂದು ಕೇಳದೆ ಈ ಎರಡರಲ್ಲಿ ಯಾವುದನ್ನೂ ಒಪ್ಪುವಂತಿಲ್ಲ.

ಗಳಿಸುವವರು ಮತ್ತು ಉಣ್ಣುವವರು

ಸಸ್ಯಶರೀರಕ್ರಿಯಾ ವಿಜ್ಞಾನದಲ್ಲಿ ಗಿಡದ ಭಾಗಗಳನ್ನು ಎರಡಾಗಿ ವಿಂಗಡಿಸುವ ಪದ್ಧತಿಯಿದೆ. ತನಗೆ ಬೇಕಾದುದಕ್ಕಿಂತ ಹೆಚ್ಚು ಸಕ್ಕರೆ ತಯಾರಿಸಿ ಹೊರಗೆ ಕಳುಹಿಸುವ ಭಾಗ ‘ಆಕರ’. ಹೊರಗಿನಿಂದ ಸಕ್ಕರೆ ಪಡೆದು ಬೆಳೆಯುವ ಅಥವಾ ಕೂಡಿಡುವ ಭಾಗ ‘ಗ್ರಾಹಕ’. ಬಲಿತ ಎಲೆ ಆಕರ. ಬೇರು, ಚಿಗುರು, ಹೂವು, ಕಾಯಿ, ಗೆಡ್ಡೆ ಇವೆಲ್ಲ ಗ್ರಾಹಕಗಳು. ಈಗಷ್ಟೇ ಬಿಚ್ಚಿಕೊಳ್ಳುತ್ತಿರುವ ಎಳೆಯ ಎಲೆಯೂ ಗ್ರಾಹಕವೇ. ಅದು ತನ್ನ ಪೂರ್ಣ ಗಾತ್ರದ ಸ್ವಲ್ಪ ಭಾಗವನ್ನು ಮುಟ್ಟುವವರೆಗೆ ಬೇರೆ ಎಲೆಗಳ ಗಳಿಕೆಯ ಮೇಲೆಯೇ ಬದುಕುತ್ತದೆ.

ಆಕರದಿಂದ ಗ್ರಾಹಕಕ್ಕೆ ಸಕ್ಕರೆ ಸಾಗುವುದು ಫ್ಲೋಯಮ್ ಎಂಬ ಆಹಾರವಾಹಕ ಅಂಗಾಂಶದ ಮೂಲಕ. ಎಲೆಯ ಕಡೆ ಸಕ್ಕರೆ ತುಂಬಿದಾಗ ಪರಾಸರಣದಿಂದ ನೀರು ಒಳನುಗ್ಗಿ ಒತ್ತಡ ಏರುತ್ತದೆ. ಕಾಯಿಯ ಕಡೆ ಸಕ್ಕರೆ ಖಾಲಿಯಾದಂತೆ ಒತ್ತಡ ಇಳಿಯುತ್ತದೆ. ಈ ಒತ್ತಡದ ವ್ಯತ್ಯಾಸವೇ ರಸವನ್ನು ತಳ್ಳುತ್ತದೆ ಎಂಬ ವಿವರಣೆಯನ್ನು ಜರ್ಮನಿಯ ಅರ್ನ್‌ಸ್ಟ್ ಮ್ಯೂಂಕ್ 1930ರಲ್ಲಿ ಮಂಡಿಸಿದ. ಪಠ್ಯಪುಸ್ತಕಗಳಲ್ಲಿ ಇಂದಿಗೂ ಇರುವುದು ಅದೇ. ರಸದ ವೇಗ ಗಂಟೆಗೆ ಸುಮಾರು ಅರ್ಧ ಮೀಟರಿನಿಂದ ಒಂದು ಮೀಟರ್.

ಯಾವ ಎಲೆ ಯಾವ ಕಾಯಿಗೆ ಉಣಿಸುತ್ತದೆ? ಒಂದೇ ಒಂದು ಎಲೆಯನ್ನು ಪಾರದರ್ಶಕ ಚೀಲದಲ್ಲಿಟ್ಟು ವಿಕಿರಣಶೀಲ ಇಂಗಾಲ-14 ಇರುವ ಕಾರ್ಬನ್ ಡೈಆಕ್ಸೈಡನ್ನು ಕೊಡುತ್ತಾರೆ. ಕೆಲವು ಗಂಟೆಗಳ ನಂತರ ಗಿಡವನ್ನು ಒಣಗಿಸಿ ಎಕ್ಸ್-ರೇ ಫಿಲ್ಮಿನ ಮೇಲೆ ಇಟ್ಟರೆ ಸಕ್ಕರೆ ಹೋದಲ್ಲೆಲ್ಲ ಫಿಲ್ಮು ಕಪ್ಪಾಗುತ್ತದೆ. ಇಂಥ ಪ್ರಯೋಗಗಳಿಂದ ತಿಳಿದುಬಂದ ಸ್ಥೂಲ ನಿಯಮವಿಷ್ಟು: ಮೇಲಿನ ಎಲೆಗಳು ಹೆಚ್ಚಾಗಿ ತುದಿಯ ಮೊಗ್ಗು ಹೂವುಗಳಿಗೆ ಉಣಿಸುತ್ತವೆ, ಕೆಳಗಿನ ಎಲೆಗಳು ಬೇರಿಗೆ, ನಡುವಿನವು ಎರಡೂ ಕಡೆಗೆ. ಕಾಯಿ ಮೊದಲು ಕೈ ಚಾಚುವುದು ತನ್ನ ಹತ್ತಿರದ, ನಾಳಗಳ ನೇರ ಸಂಪರ್ಕವಿರುವ ಎಲೆಗಳ ಕಡೆಗೆ. ಭತ್ತ, ಗೋಧಿಗಳಲ್ಲಿ ತೆನೆಯ ಬುಡದ ಕೊನೆಯ ಎಲೆಗೆ ಅಷ್ಟೊಂದು ಮಹತ್ವ ಬಂದಿರುವುದು ಇದರಿಂದಲೇ.

ಎಲೆ ಕೀಳುವುದೆಂದರೆ ಆಕರವನ್ನು ಕಡಿಮೆ ಮಾಡುವುದು. ಹೂವು ಚಿವುಟುವುದೆಂದರೆ ಗ್ರಾಹಕವನ್ನು ಕಡಿಮೆ ಮಾಡುವುದು. ಎರಡನ್ನೂ ‘ಸವರುವುದು’ ಎಂಬ ಒಂದೇ ಮಾತಿನಲ್ಲಿ ಹೇಳುವುದರಿಂದ ಬಹಳ ಗೊಂದಲವಾಗಿದೆ. ಹುಣಸೂರು, ಪಿರಿಯಾಪಟ್ಟಣಗಳ ತಂಬಾಕು ಹೊಲಗಳಲ್ಲಿ ಹೂವಿನ ಕುಡಿ ಮುರಿಯುವುದನ್ನು ನೀವು ನೋಡಿರಬಹುದು. ಅಲ್ಲಿ ಬೆಲೆಯಿರುವುದು ಎಲೆಗೆ. ಆದ್ದರಿಂದ ಉಣ್ಣುವ ಬಾಯಿಯಾದ ಹೂವನ್ನು ತೆಗೆಯುತ್ತಾರೆ, ಎಲೆ ದಪ್ಪವಾಗುತ್ತದೆ. ಬಾಳೆಗೊನೆಯ ತುದಿಯಲ್ಲಿ ನೇತಾಡುವ ಕೆಂಪು ಹೂವನ್ನು ಕೊಯ್ದು ಪಲ್ಯ ಮಾಡುವುದೂ ಇದೇ ಬಗೆಯದು. ಕಾಯಿಗೆ ಅದರಿಂದ ನಷ್ಟವಿಲ್ಲ. ನಾನು ಮಾಡಿದ್ದು ಇದಕ್ಕೆ ತದ್ವಿರುದ್ಧ.

ಸೋಮಾರಿ ಎಲೆ ಎಂಬುದು ಇದೆಯೇ?

ಕೆಳಗಿನ, ನೆರಳಿನಲ್ಲಿರುವ ಎಲೆಗಳು ಕೆಲಸ ಮಾಡದೆ ಮೇಲಿನವುಗಳ ಗಳಿಕೆಯನ್ನು ತಿನ್ನುತ್ತವೆ, ಆದ್ದರಿಂದ ಅವನ್ನು ಕಿತ್ತರೆ ಲಾಭ ಎಂಬುದು ಎಲೆ ಕೀಳುವವರ ಮುಖ್ಯ ವಾದ. ಕೇಳಲು ಸರಿಯಾಗಿಯೇ ಇದೆ. ಎಲೆ ತನ್ನ ಮೇಲೆ ಬಿದ್ದ ದೃಶ್ಯ ಬೆಳಕಿನ ಶೇಕಡ 80ರಿಂದ 90ರಷ್ಟನ್ನು ಹೀರಿಬಿಡುತ್ತದೆ. ಮೂರು ಪದರ ಎಲೆಗಳ ಕೆಳಗೆ ಬಿಸಿಲು ಬಹಳ ಕಡಿಮೆ. ಅಲ್ಲಿ ದ್ಯುತಿಸಂಶ್ಲೇಷಣೆಯಿಂದ ಬರುವ ಸಕ್ಕರೆ ಎಲೆಯ ಉಸಿರಾಟಕ್ಕೂ ಸಾಲದೇ ಹೋಗಬಹುದು.

ಆದರೆ ಆ ಎಲೆ ಕೊರತೆಯನ್ನು ಮೇಲಿನ ಎಲೆಗಳಿಂದ ತುಂಬಿಸಿಕೊಳ್ಳುತ್ತದೆಯೇ? ಇಲ್ಲಿ ಪ್ರಯೋಗ ಹೇಳುವುದು ನಮ್ಮ ಊಹೆಗಿಂತ ಬೇರೆ. ತಂಬಾಕು ಮುಂತಾದ ಗಿಡಗಳಲ್ಲಿ ಬಲಿತ ಎಲೆಯೊಂದನ್ನು ಕಪ್ಪು ಕಾಗದದಿಂದ ಮುಚ್ಚಿ ನೋಡಿದ್ದಾರೆ. ಬೆಳಕಿಲ್ಲದ ಆ ಎಲೆಗೆ ಉಳಿದ ಎಲೆಗಳಿಂದ ಗಣನೀಯ ಪ್ರಮಾಣದ ಸಕ್ಕರೆ ಬರುವುದಿಲ್ಲ. ಎಲೆ ಎಳೆಯದಿದ್ದಾಗ ಪಡೆಯುತ್ತದೆ. ಬಲಿಯುತ್ತಿದ್ದಂತೆ ಕೊಡಲು ತೊಡಗುತ್ತದೆ. ಒಮ್ಮೆ ಕೊಡುವ ಎಲೆಯಾದ ಮೇಲೆ ಪಡೆಯುವ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಬೆಳಕು ಸಿಗದಿದ್ದರೆ ಹಸಿದು ಹಳದಿಯಾಗುತ್ತದೆ, ಉದುರುತ್ತದೆ. ಮನೆಮಂದಿಯ ಅನ್ನ ಕಸಿಯುವ ಸೋಮಾರಿ ಎಂಬ ಆರೋಪ ಅದಕ್ಕೆ ಸಲ್ಲದು.

ಹಳದಿಯಾಗುವುದು ಕೂಡ ಬರಿಯ ಸಾವಲ್ಲ. ಎಲೆಯ ಸಾರಜನಕದ ಬಹುಭಾಗ ಇರುವುದು ಹರಿದ್ರೇಣುಗಳಲ್ಲಿ, ಅದರಲ್ಲೂ ಕಾರ್ಬನ್ ಡೈಆಕ್ಸೈಡನ್ನು ಹಿಡಿಯುವ ರುಬಿಸ್ಕೊ ಎಂಬ ಕಿಣ್ವದಲ್ಲಿ. ಮುಪ್ಪಾಗುವ ಎಲೆ ಈ ಪ್ರೋಟೀನುಗಳನ್ನು ಒಡೆದು, ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಚಿಗುರಿಗೂ ಬೀಜಕ್ಕೂ ಕಳುಹಿಸುತ್ತದೆ. ಉದುರುವ ಮುನ್ನ ತನ್ನ ಸಾರಜನಕದ ಅರ್ಧಕ್ಕೂ ಹೆಚ್ಚನ್ನು ಹಿಂದಿರುಗಿಸುವ ಗಿಡಗಳು ಹಲವು. ಕ್ಯಾಲ್ಸಿಯಂ ಮಾತ್ರ ಹೀಗೆ ಹಿಂದಿರುಗದೆ ಎಲೆಯಲ್ಲೇ ಉಳಿಯುತ್ತದೆ. ಬೀಜ ತುಂಬುವ ಹೊತ್ತಿಗೆ ಹೊಲದ ಅವರೆ, ಅಲಸಂದೆಗಳ ಎಲೆ ಹಳದಿಯಾಗುವುದರ ಹಿಂದೆ ಈ ಸಾಗಣೆಯಿದೆ. ಹಾಗಾಗಿ ಹಸಿರಾಗಿರುವ ಕೆಳ ಎಲೆಯನ್ನು ಕಿತ್ತು ಎಸೆದರೆ ಗಿಡದ ಉಳಿತಾಯದ ಡಬ್ಬಿಯನ್ನೇ ಎಸೆದಂತೆ. ಮುಟ್ಟಿದರೆ ಕಳಚಿಕೊಳ್ಳುವ ಒಣ ಎಲೆಯನ್ನು ತೆಗೆದರೆ ಏನೂ ಹೋಗುವುದಿಲ್ಲ.

ಇನ್ನೊಂದು ಬದಿಯನ್ನೂ ಹೇಳಬೇಕು. ಎಲೆಗಳು ಎಲ್ಲ ಹೊತ್ತೂ ತಮ್ಮ ಪೂರ್ಣ ಶಕ್ತಿಯಿಂದ ದುಡಿಯುವುದಿಲ್ಲ. ಕೆಲವು ಎಲೆಗಳನ್ನು ತೆಗೆದಾಗ ಉಳಿದವುಗಳ ದ್ಯುತಿಸಂಶ್ಲೇಷಣೆಯ ದರ ಏರುವುದುಂಟು. ಅವುಗಳ ಮುಪ್ಪು ಮುಂದಕ್ಕೆ ಹೋಗುವುದೂ ಉಂಟು. ಗಿಡದಲ್ಲಿ ಕಾಯಿ ಕಡಿಮೆ, ಎಲೆ ಹೆಚ್ಚು ಇದ್ದರೆ ಸ್ವಲ್ಪ ಎಲೆ ಹೋದರೂ ಇಳುವರಿ ಕುಗ್ಗದು. ಟೊಮೇಟೊ ನನ್ನನ್ನು ಕ್ಷಮಿಸಿದ್ದಕ್ಕೆ ಇದು ಒಂದು ಕಾರಣ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು.

ಇನ್ನೂ ಹೊಸ ಎಲೆ ಬರಲಿದೆಯೇ?

ಬಾಳೆಯ ‘ಕಾಂಡ’ ಎಂದು ನಾವು ಕರೆಯುವುದು ಎಲೆಬುಡಗಳ ಸುರುಳಿ. ನಿಜವಾದ ಕಾಂಡ ನೆಲದಲ್ಲಿರುವ ಗೆಡ್ಡೆ. ಅದರ ತುದಿಯ ಬೆಳವಣಿಗೆಯ ಬಿಂದು ಒಂದಾದ ಮೇಲೊಂದು ಎಲೆಗಳನ್ನು ಹುಟ್ಟಿಸುತ್ತಾ ಹೋಗಿ, ಒಂದು ದಿನ ಎಲೆ ಬಿಟ್ಟು ಹೂಗೊಂಚಲಾಗಿ ಮಾರ್ಪಡುತ್ತದೆ. ಆ ಗೊಂಚಲು ಸುರುಳಿಯ ನಡುವೆ ಏರಿ ಹೊರಬರುವುದನ್ನೇ ಗೊನೆ ಹಾಕಿತು ಎನ್ನುತ್ತೇವೆ. ಅಲ್ಲಿಗೆ ಆ ಗಿಡದ ಎಲೆಗಳ ಲೆಕ್ಕ ಮುಗಿಯಿತು. ಇನ್ನೊಂದು ಎಲೆ ಹುಟ್ಟುವುದಿಲ್ಲ. ಗೊನೆ ಕೊಯ್ಲಿಗೆ ಬರಲು ಇನ್ನೂ ಮೂರು ನಾಲ್ಕು ತಿಂಗಳು ಬೇಕು. ಅಷ್ಟೂ ಕಾಲ ಕಾಯಿ ತುಂಬುವ ಭಾರ ಇರುವ ಎಲೆಗಳ ಮೇಲೆಯೇ. ಗೊನೆ ಹಾಕುವಾಗ ಕನಿಷ್ಠ ಎಂಟು ಆರೋಗ್ಯವಂತ ಎಲೆಗಳಿರಬೇಕು ಎಂದು ಬಾಳೆ ತಜ್ಞರು ಹೇಳುವುದು ಇದಕ್ಕೇ. ನಾನು ಎರಡನ್ನು ಉಳಿಸಿದ್ದೆ! ಸಿಗಟೋಕ ಎಲೆಚುಕ್ಕೆ ರೋಗ ಬಂದ ತೋಟದಲ್ಲಿ ರೈತರಿಗಿರುವ ಸಂಕಟವೂ ಇದೇ: ರೋಗದ ಎಲೆ ಬಿಟ್ಟರೆ ಬೀಜಕಣ ಹರಡುತ್ತದೆ, ಕತ್ತರಿಸಿದರೆ ಗೊನೆ ಬಡವಾಗುತ್ತದೆ. ಎಲೆ ಪೂರ್ತಿ ತೆಗೆಯದೆ ಸುಟ್ಟಂತಾದ ಭಾಗವನ್ನಷ್ಟೇ ಕತ್ತರಿಸುವುದು ಅವರು ಕಂಡುಕೊಂಡ ನಡುದಾರಿ.

ಸೂರ್ಯಕಾಂತಿಯೂ ಬಾಳೆಯ ಜಾತಿಗೇ ಸೇರಿದ್ದು, ಈ ಒಂದು ಅರ್ಥದಲ್ಲಿ. ಕಾಂಡದ ತುದಿಯೇ ತೆನೆಯಾಗುತ್ತದೆ. ತೆನೆ ಕಾಣಿಸಿಕೊಂಡ ಮೇಲೆ ಹೊಸ ಎಲೆಗಳಿಲ್ಲ. ಅರಳಿದ ಮೇಲಿನ ಸುಮಾರು ಒಂದು ತಿಂಗಳಿನಲ್ಲಿ ಬೀಜಕ್ಕೆ ಎಣ್ಣೆ ತುಂಬಬೇಕು.

ಕಂಬ ನೆಟ್ಟು ದಾರ ಕಟ್ಟಿ ಎತ್ತರಕ್ಕೆ ಬೆಳೆಸುವ ಟೊಮೇಟೊ ತಳಿಗಳ ಕ್ರಮವೇ ಬೇರೆ. ಅಲ್ಲಿ ಸುಮಾರು ಮೂರು ಎಲೆಗೊಂದು ಹೂಗೊಂಚಲು, ಮತ್ತೆ ಮೂರು ಎಲೆ, ಮತ್ತೆ ಗೊಂಚಲು. ಎಲೆಗಳ ಕಾರ್ಖಾನೆ ಮೇಲುಗಡೆ ನಡೆಯುತ್ತಲೇ ಇರುತ್ತದೆ. ಕೆಳಗಿನ ಗೊಂಚಲು ಹಣ್ಣಾಗುವ ಹೊತ್ತಿಗೆ ಅದರ ಕೆಳಗಿನ ಎಲೆಗಳ ಮುಖ್ಯ ಕೆಲಸ ಮುಗಿದಿರುತ್ತದೆ. ಹಸಿರುಮನೆಗಳಲ್ಲಿ ಅವನ್ನು ವಾರವಾರವೂ ತೆಗೆಯುವುದು ರೂಢಿ. ಆದರೆ ಪೊದೆಯಂತೆ ಬೆಳೆದು ನಿಲ್ಲುವ ಟೊಮೇಟೊ ತಳಿಗಳೂ ಇವೆ. ಅವು ಹೊಸ ಎಲೆ ಬಿಡುವುದನ್ನು ನಿಲ್ಲಿಸುತ್ತವೆ. ಅವನ್ನು ಸವರಿದರೆ ಬಾಳೆಯ ಕತೆಯೇ. ಮೇಲಾಗಿ ಎಲೆಯ ಮರೆ ತಪ್ಪಿದ ಕಾಯಿಗೆ ನಮ್ಮ ಬೇಸಿಗೆಯ ಬಿಸಿಲು ನೇರವಾಗಿ ಬಡಿದರೆ ಸಿಪ್ಪೆ ಬೆಳ್ಳಗೆ ಸುಡುತ್ತದೆ. ಕಾಯಿಯ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಂಪು ವರ್ಣಕವಾದ ಲೈಕೊಪೀನ್ ಸರಿಯಾಗಿ ಉತ್ಪತ್ತಿಯಾಗದೆ ಹಣ್ಣು ಹಳದಿ ಹಳದಿಯಾಗಿ ಉಳಿಯುತ್ತದೆ.

ನಷ್ಟವನ್ನೇ ಬಳಸಿಕೊಂಡ ದ್ರಾಕ್ಷಿ ಬೆಳೆಗಾರರು

ಹೂವಿನ ಹೊತ್ತಿಗೆ ಎಲೆ ಹೋದರೆ ಏನಾಗುತ್ತದೆ ಎಂಬುದಕ್ಕೆ ದ್ರಾಕ್ಷಿ ಒಳ್ಳೆಯ ಉದಾಹರಣೆ. ಬಳ್ಳಿ ಹೂ ಬಿಡುವಾಗ ಹೊಸ ರೆಂಬೆಯಲ್ಲಿ ಪೂರ್ತಿ ಬಲಿತಿರುವುದು ಬುಡದ ಕೆಲವೇ ಎಲೆಗಳು. ತುದಿಯವು ಇನ್ನೂ ಪಡೆಯುವ ವಯಸ್ಸಿನಲ್ಲಿರುತ್ತವೆ. ಹೂ ಅರಳುವ ಸ್ವಲ್ಪ ಮುಂಚೆ ಬುಡದ ಎಲೆಗಳನ್ನು ಕಿತ್ತರೆ ಹೂಗಳಿಗೆ ಸಕ್ಕರೆ ಸಾಲದೆ ಹಲವು ಉದುರುತ್ತವೆ, ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ. ಇದು ನಷ್ಟವೇ. ಆದರೆ ಇಟಲಿಯ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಇದನ್ನೇ ಉಪಾಯವಾಗಿ ಮುಂದಿಟ್ಟರು. ವೈನ್ ತಯಾರಿಕೆಯ ಕೆಲವು ತಳಿಗಳಲ್ಲಿ ಗೊಂಚಲು ತೀರ ಒತ್ತಾಗಿ, ಕಾಯಿಗಳ ನಡುವೆ ತೇವ ನಿಂತು ಕೊಳೆಯುತ್ತದೆ. ಹೂವಿಗೆ ಮುಂಚೆ ಎಲೆ ಕಿತ್ತಾಗ ಗೊಂಚಲು ಬಿಡಿಬಿಡಿಯಾಯಿತು, ಕೊಳೆಯುವುದು ತಗ್ಗಿತು, ರಸದಲ್ಲಿ ಸಕ್ಕರೆ ಏರಿತು. ಒಟ್ಟು ಇಳುವರಿ ಇಳಿದದ್ದು ಅಲ್ಲಿ ತೆತ್ತ ಬೆಲೆ.

ನಮ್ಮ ವಿಜಯಪುರ, ಬಾಗಲಕೋಟೆಗಳ ತೋಟಗಳಲ್ಲಿ ಎಲೆ ತೆಗೆಯುವುದರ ಉದ್ದೇಶ ಬೇರೆ. ಚಾಟ್ನಿಯ ನಂತರ ಬಳ್ಳಿ ದಟ್ಟವಾದಾಗ ಗಾಳಿಯಾಡದೆ ಬೂದಿರೋಗ, ಬೂಜು ತುಪ್ಪಟ ರೋಗಗಳಿಗೆ ಅನುಕೂಲವಾಗುತ್ತದೆ. ಸಿಂಪಡಿಸಿದ ಔಷಧ ಗೊಂಚಲನ್ನು ಮುಟ್ಟುವುದಿಲ್ಲ. ಆಗ ಗೊಂಚಲಿನ ಸುತ್ತಲ ಕೆಲವು ಎಲೆ ತೆಗೆಯುವುದು ಸರಿಯೇ. ಬೆಳಗಿನ ಎಳೆಬಿಸಿಲು ಬೀಳುವ ಬದಿಯಲ್ಲಿ ತೆಗೆದು, ಇಳಿಹೊತ್ತಿನ ಸುಡುಬಿಸಿಲಿನ ಬದಿಯಲ್ಲಿ ಬಿಡುವುದು ಜಾಣತನ. ರೋಗ ತಡೆಯಲು ಎಲೆ ತೆಗೆಯುವುದಕ್ಕೂ ಶಕ್ತಿ ಉಳಿಸಲು ಎಲೆ ತೆಗೆಯುತ್ತೇನೆ ಎನ್ನುವುದಕ್ಕೂ ಬಹಳ ಅಂತರವಿದೆ. ಮೊದಲನೆಯದಕ್ಕೆ ಆಧಾರವಿದೆ. ಎರಡನೆಯದಕ್ಕೆ, ನನ್ನ ಅಭಿಪ್ರಾಯದಲ್ಲಿ, ಇಲ್ಲ.

ಹೂವಿಗೆ ಮುಂಚಿನ ಎಲೆ

ಇಲ್ಲಿಯವರೆಗೆ ಎಲೆಯನ್ನು ಅಡುಗೆಮನೆ ಎಂದಷ್ಟೇ ನೋಡಿದೆವು. ಗಿಡ ಯಾವಾಗ ಹೂ ಬಿಡಬೇಕು ಎಂದು ತಿಳಿಸುವುದೂ ಎಲೆಯೇ. ಈ ಸಂಗತಿಯ ಮೊದಲ ಸುಳಿವು ಸಿಕ್ಕಿದ್ದು ಫ್ರಾನ್ಸಿನ ಜೂಲಿಯನ್ ಟೂರ್ನ್ವಾ ಎಂಬ ತರುಣ ವಿಜ್ಞಾನಿಗೆ. ಆತ ಹಾಪ್ ಬಳ್ಳಿ ಮತ್ತು ಭಂಗಿ ಗಿಡಗಳನ್ನು (ಗಾಂಜಾ ಗಿಡವೂ ಇದೇ ಪ್ರಭೇದ, ಕ್ಯಾನಬಿಸ್ ಸಟೈವಾ) ಚಳಿಗಾಲದಲ್ಲಿ ಗಾಜಿನಮನೆಯೊಳಗೆ ಬೆಳೆಸಿದಾಗ ಅವು ಇನ್ನೂ ಪುಟ್ಟದಾಗಿರುವಾಗಲೇ ಹೂ ಬಿಟ್ಟವು. ಕಾರಣ ಹಗಲಿನ ಕಿರಿದಾದ ಅವಧಿ, ಅದಕ್ಕಿಂತ ಮುಖ್ಯವಾಗಿ ರಾತ್ರಿಯ ದೀರ್ಘತೆ ಎಂದು 1914ರಲ್ಲಿ ಆತ ಬರೆದ. ಅದೇ ವರ್ಷ ಆರಂಭವಾದ ಮಹಾಯುದ್ಧದಲ್ಲಿ ಮಡಿದ. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ತಂಬಾಕು, ಸೋಯಾ ಅವರೆಗಳಲ್ಲಿ ಇದನ್ನು ವಿಸ್ತಾರವಾಗಿ ತೋರಿಸಿ ‘ದ್ಯುತಿಕಾಲಾವಧಿತ್ವ’ ಎಂಬರ್ಥದ ಹೆಸರಿಟ್ಟರು.

ಹಗಲಿರುಳನ್ನು ಅಳೆಯುವುದು ಗಿಡದ ಯಾವ ಭಾಗ? ಸೋವಿಯತ್ ವಿಜ್ಞಾನಿ ಚೈಲಖ್ಯಾನ್ 1930ರ ದಶಕದಲ್ಲಿ ಸೇವಂತಿಗೆ ಗಿಡಗಳ ಮೇಲರ್ಧದ ಎಲೆಗಳನ್ನು ಕಿತ್ತ. ಕೆಳಗಿನ ಎಲೆಗಳಿಗೆ ಕಿರುಹಗಲು, ಬೋಳು ತುದಿಗೆ ದೀರ್ಘ ಹಗಲು ಕೊಟ್ಟ. ಗಿಡ ಹೂ ಬಿಟ್ಟಿತು. ಹಿಂದುಮುಂದು ಮಾಡಿದಾಗ ಬಿಡಲಿಲ್ಲ. ಅಂದರೆ ಅಳೆಯುವುದು ಎಲೆ, ಅರಳುವುದು ತುದಿ. ನಡುವೆ ಯಾವುದೋ ಸಂದೇಶ ಸಾಗುತ್ತದೆ. ಅದಕ್ಕೆ ಆತ ಫ್ಲಾರಿಜೆನ್ ಎಂದು ಹೆಸರಿಟ್ಟ. ಅದು ಎಲೆಯಿಂದ ಫ್ಲೋಯಮ್ ಮೂಲಕ ಸಾಗುವ ಒಂದು ಪುಟ್ಟ ಪ್ರೋಟೀನು ಎಂದು ಖಚಿತವಾದದ್ದು 2007ರಲ್ಲಿ. ಎಪ್ಪತ್ತು ವರ್ಷ ಹಿಡಿಯಿತು! ನಮ್ಮ ರಸ್ತೆಬದಿಯಲ್ಲಿ ಬೆಳೆದು ಬಟ್ಟೆಗೆ ಮುಳ್ಳುಕಾಯಿ ಅಂಟಿಸುವ ಝ್ಯಾಂಥಿಯಂ ಎಂಬ ಕಳೆಗಿಡಕ್ಕೆ ಒಂದೇ ಒಂದು ದೀರ್ಘ ರಾತ್ರಿ ಸಾಕು. ಆ ರಾತ್ರಿ ಕಳೆದೊಡನೆ ಎಲೆ ಕಿತ್ತರೆ ಹೂವಿಲ್ಲ. ಕೆಲವು ಗಂಟೆ ತಡೆದು ಕಿತ್ತರೆ ಹೂ ಬಂದೇ ಬರುತ್ತದೆ. ಸಂದೇಶ ಅಷ್ಟರಲ್ಲಿ ಎಲೆಯನ್ನು ದಾಟಿರುತ್ತದೆ.

ಎಲ್ಲ ಗಿಡಗಳೂ ಹೀಗಲ್ಲ ಎಂಬುದಕ್ಕೆ ದಾಳಿಂಬೆ ಸಾಕ್ಷಿ. ಅಲ್ಲಿ ರೈತರು ನೀರು ನಿಲ್ಲಿಸಿ, ಎಥ್ರೆಲ್ ಸಿಂಪಡಿಸಿ ಎಲೆಗಳನ್ನೆಲ್ಲ ಉದುರಿಸುತ್ತಾರೆ. ಮತ್ತೆ ನೀರು, ಗೊಬ್ಬರ ಕೊಟ್ಟಾಗ ಚಿಗುರಿನ ಜೊತೆ ಹೂ ಒಟ್ಟಿಗೇ ಬರುತ್ತದೆ. ಎಲೆಗಳು ಇರುವವರೆಗೆ ಮೊಗ್ಗುಗಳು ತಡೆಹಿಡಿಯಲ್ಪಟ್ಟಿರುತ್ತವೆ, ಉದುರಿದಾಗ ಆ ತಡೆ ಕಳಚುತ್ತದೆ. ರೆಂಬೆ ಬೇರುಗಳಲ್ಲಿ ಕೂಡಿಟ್ಟ ಪಿಷ್ಟ ಆ ಮಧ್ಯಂತರವನ್ನು ನಿಭಾಯಿಸುತ್ತದೆ. ಆದರೆ ಇದು ಹೂವಿಗೆ ಮುಂಚಿನ ಕೆಲಸ. ಹೂ ಬಂದ ಮೇಲೆ ಯಾವ ದಾಳಿಂಬೆ ಬೆಳೆಗಾರನೂ ಎಲೆ ಉದುರಿಸಲು ಹೋಗುವುದಿಲ್ಲ.

ಟೂರ್ನ್ವಾನ ಭಂಗಿ ಗಿಡಕ್ಕೆ ಮತ್ತೆ ಬಂದರೆ, ಇಂದು ಎಲೆ ಕೀಳುವ ವಾದ ಅತಿ ಬಿಸಿಯಾಗಿ ನಡೆಯುವುದು ಅದರ ಸುತ್ತಲೇ. ನಮ್ಮಲ್ಲಿ 1985ರ ಮಾದಕವಸ್ತು ಕಾಯಿದೆಯಂತೆ ಪರವಾನಗಿಯಿಲ್ಲದೆ ಅದನ್ನು ಬೆಳೆಯುವುದು ಅಪರಾಧ. ಆ ಕಾಯಿದೆ ‘ಗಾಂಜಾ’ ಎಂದು ಹೇಳುವುದು ಹೂ ಅಥವಾ ಕಾಯಿ ಬಿಟ್ಟ ತುದಿಗಳನ್ನು. ತುದಿಯಿಲ್ಲದ ಬರಿಯ ಎಲೆ, ಬೀಜಗಳು ಆ ವ್ಯಾಖ್ಯೆಯಲ್ಲಿಲ್ಲ.  2018ರಲ್ಲಿ ಬೆಳೆಯಲು ಅನುಮತಿ ನೀಡಿದ ಕೆನಡಾದಂಥ ದೇಶಗಳಲ್ಲಿ ಮುಚ್ಚಿದ ಕೋಣೆಗಳಲ್ಲಿ, ದೀಪದ ಬೆಳಕಿನಲ್ಲಿ ಬೆಳೆಯುವುದುಂಟು. ದೀಪ ಮೇಲಿನಿಂದ ಮಾತ್ರ ಬೀಳುವುದರಿಂದ, ತೇವ ಹೆಚ್ಚಿ ಹೂಗೊಂಚಲು ಬೂಸ್ಟು ಹಿಡಿಯುವುದರಿಂದ ಹೂವಿನ ಕಾಲದಲ್ಲಿ ದೊಡ್ಡ ಎಲೆಗಳನ್ನು ಕಿತ್ತುಹಾಕುವವರಿದ್ದಾರೆ. ಗಾಳಿಯಾಡಲು ಒಂದಷ್ಟು ಎಲೆ ತೆಗೆಯುವುದು ದ್ರಾಕ್ಷಿಯ ನ್ಯಾಯದಂತೆ ಒಪ್ಪತಕ್ಕದ್ದು. ಆದರೆ ಹೂ ತುಂಬತೊಡಗಿದ ಮೇಲೆ ಈ ಗಿಡ ಬಿಡುವ ಹೊಸ ಎಲೆಗಳು ಚಿಕ್ಕವು. ಬೋಳು ಮಾಡಿದರೆ ಆ ನಷ್ಟ ತುಂಬಿಬರುವುದು ಕಷ್ಟ. ಈ ವಿಷಯದಲ್ಲಿ ಅದು ಟೊಮೇಟೊಗಿಂತ ಸೂರ್ಯಕಾಂತಿಗೆ ಹತ್ತಿರ.

ಶಾಲೆಯಲ್ಲಿ ಮಾಡಿ ನೋಡಲು

ಓದಿ ನಂಬುವುದಕ್ಕಿಂತ ತೂಗಿ ನೋಡುವುದು ಮೇಲು. ಶಾಲೆಯ ತೋಟದಲ್ಲಿ ಜಾಗವಿದ್ದರೆ ಒಂದೇ ದಿನ 40 ಸೂರ್ಯಕಾಂತಿ ಬೀಜ ಬಿತ್ತಿ. ಹೊರಸುತ್ತಿನ ಹಳದಿ ದಳಗಳು ಬಿಚ್ಚಿಕೊಳ್ಳುವ ದಿನ ಚೀಟಿ ಎತ್ತಿ ಗಿಡಗಳನ್ನು ಹತ್ತು ಹತ್ತರ ನಾಲ್ಕು ಗುಂಪು ಮಾಡಿ. ಮೊದಲ ಗುಂಪನ್ನು ಮುಟ್ಟಬೇಡಿ. ಎರಡನೆಯದರಲ್ಲಿ ಕೆಳಗಿನ ಎಲೆಗಳನ್ನು, ಮೂರನೆಯದರಲ್ಲಿ ಮೇಲಿನ ಎಲೆಗಳನ್ನು, ನಾಲ್ಕನೆಯದರಲ್ಲಿ ಎಲ್ಲವನ್ನೂ ತೆಗೆಯಿರಿ. ಚೀಟಿ ಎತ್ತುವುದನ್ನು ಬಿಡಬೇಡಿ. ಇಲ್ಲದಿದ್ದರೆ ನಮ್ಮ ಕೈ ತಾನಾಗಿಯೇ ಬಡಕಲು ಗಿಡವನ್ನು ಬೋಳು ಗುಂಪಿಗೆ ಆರಿಸಿಬಿಡುತ್ತದೆ.

ಇಲ್ಲೊಂದು ತೊಡಕಿದೆ. ಸೂರ್ಯಕಾಂತಿಯ ಎಲೆಗಳೆಲ್ಲ ಒಂದೇ ಗಾತ್ರದವಲ್ಲ. ಮೇಲಿನ ಆರು ಎಲೆ, ಕೆಳಗಿನ ಆರು ಎಲೆ ಎಂದು ಎಣಿಸಿದರೆ ಹೋಲಿಕೆ ಸರಿಯಾಗುವುದಿಲ್ಲ. ಕೆಲವು ಎಲೆಗಳನ್ನು ಗ್ರಾಫ್ ಕಾಗದದ ಮೇಲಿಟ್ಟು ಅಂಚು ಗೆರೆ ಎಳೆದು ಚೌಕಗಳನ್ನು ಎಣಿಸಿ. ಎಲೆಯ ಉದ್ದ, ಅಗಲಗಳ ಗುಣಲಬ್ಧಕ್ಕೂ ವಿಸ್ತೀರ್ಣಕ್ಕೂ ಇರುವ ಅನುಪಾತ ಸಿಗುತ್ತದೆ. ಅದನ್ನು ಬಳಸಿ ಎರಡೂ ಗುಂಪುಗಳಲ್ಲಿ ಸಮ ವಿಸ್ತೀರ್ಣ ತೆಗೆಯಿರಿ. ಎಲೆಯನ್ನು ಜಗ್ಗಿ ಸಿಪ್ಪೆ ಸುಲಿಯಬೇಡಿ. ತೊಟ್ಟಿನ ಬುಡಕ್ಕೆ ಕತ್ತರಿ ಹಾಕಿ, ಗಾಯ ಬೇಗ ಒಣಗುವಂತೆ ಬೆಳಗಿನ ಹೊತ್ತೇ ಮಾಡಿ.

ತೆನೆ ಅರಳಿ ಜೇನುನೊಣಗಳ ಕೆಲಸ ಮುಗಿದ ಮೇಲೆ ಗಿಳಿಗಳಿಂದ ಕಾಪಾಡಲು ತೆಳು ಬಟ್ಟೆಯ ಚೀಲ ಕಟ್ಟಿ. ಅದಕ್ಕೂ ಮೊದಲು ಕಟ್ಟಿದರೆ ಪರಾಗಸ್ಪರ್ಶ ಕೆಟ್ಟು, ಎಲೆಗೆ ಸಂಬಂಧವಿಲ್ಲದ ಜೊಳ್ಳು ಎಲ್ಲ ಗುಂಪುಗಳಲ್ಲೂ ತುಂಬಿಕೊಳ್ಳುತ್ತದೆ. ಕೊಯ್ದ ತೆನೆಗಳನ್ನು ಒಂದು ವಾರ ಬಿಸಿಲಿನಲ್ಲಿ ಒಣಗಿಸಿ. ಪ್ರತಿ ತೆನೆಯ ಒಟ್ಟು ಬೀಜದ ತೂಕ, 100 ಬೀಜಗಳ ತೂಕ, ಆ ನೂರರಲ್ಲಿ ಒತ್ತಿದರೆ ಪುಡಿಯಾಗುವ ಜೊಳ್ಳು ಎಷ್ಟು ಎಂಬ ಮೂರು ಅಂಕಿಗಳನ್ನು ಬರೆಯಿರಿ. ಬೀಜಗಳ ಸಂಖ್ಯೆ ಇಳಿದಿದೆಯೋ, ಬೀಜದ ತೂಕ ಇಳಿದಿದೆಯೋ ಎಂಬುದನ್ನು ಬೇರೆ ಬೇರೆಯಾಗಿ ನೋಡಿ.

ಕೆಳಗಿನ ಎಲೆ ತೆಗೆದ ಗುಂಪು ಮುಟ್ಟದ ಗುಂಪಿಗೆ ಸರಿಸಮ ಬಂದರೆ ಅಚ್ಚರಿಪಡಬೇಡಿ. ಆ ಗಿಡಗಳನ್ನು ಬುಡಸಮೇತ ಅಗೆದು, ಬೇರು ತೊಳೆದು ಒಣಗಿಸಿ ತೂಗಿ. ಮುಟ್ಟದ ಗುಂಪಿನ ಬೇರನ್ನೂ ತೂಗಿ ಹೋಲಿಸಿ. ತೆನೆಯಲ್ಲಿ ಕಾಣದ ವ್ಯತ್ಯಾಸ ಅಲ್ಲಿ ಕಾಣಬಹುದು.